ಮಂಗಳದವರ ಮುಂದೆ ಬಿಳಿ ಬಾವುಟ

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ 1829-30ರ ಸುಮಾರಿಗೆ ಕಾಡಿನ ಮರಗಳಿಗೆ ಬಣ್ಣ ಬಳಿದ ಹಲಗೆಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಅವನ್ನು ಮಾಡಿಸಿದವನು ಅಲ್ಲಿನ ಬ್ರಿಟಿಷ್ ಗವರ್ನರ್ ಜಾರ್ಜ್ ಆರ್ಥರ್. ಸುಮಾರು ನೂರು ಹಲಗೆಗಳು. ಪ್ರತಿಯೊಂದರಲ್ಲೂ ಮೇಲಿಂದ ಕೆಳಕ್ಕೆ ನಾಲ್ಕು ಸಾಲು ಚಿತ್ರ. ಮೊದಲ ಸಾಲಿನಲ್ಲಿ ಆದಿವಾಸಿಗಳೂ ಬಿಳಿಯರೂ ಒಂದೇ ಬಗೆಯ ಬಟ್ಟೆ ತೊಟ್ಟು ಅಕ್ಕಪಕ್ಕ ನಿಂತಿದ್ದಾರೆ. ಎರಡನೆಯದರಲ್ಲಿ ಗವರ್ನರ್ ಆದಿವಾಸಿ ಮುಖಂಡನ ಕೈಕುಲುಕುತ್ತಿದ್ದಾನೆ. ಮೂರನೆಯದರಲ್ಲಿ ಆದಿವಾಸಿಯೊಬ್ಬ ಬಿಳಿಯನನ್ನು ಈಟಿಯಿಂದ ತಿವಿಯುತ್ತಾನೆ, ಅವನನ್ನು ನೇಣಿಗೆ ಹಾಕುತ್ತಾರೆ. ನಾಲ್ಕನೆಯದರಲ್ಲಿ ಬಿಳಿಯನೊಬ್ಬ ಆದಿವಾಸಿಗೆ ಗುಂಡಿಕ್ಕುತ್ತಾನೆ, ಅವನಿಗೂ ನೇಣು.

ಭಾಷೆ ಬಾರದವರಿಗೂ ತಿಳಿಯಲಿ ಎಂದು ಬರೆಸಿದ ಚಿತ್ರಗಳು. ಇವತ್ತು ನೋಡಿದರೂ ಯಾರ ಸಹಾಯವೂ ಇಲ್ಲದೆ ಅರ್ಥವಾಗುತ್ತವೆ. ಆದರೆ ಹಲಗೆ ಕೊಟ್ಟ ಮಾತು ನಡೆಯಲಿಲ್ಲ. ಆದಿವಾಸಿಯನ್ನು ಕೊಂದ ತಪ್ಪಿಗೆ ಆ ದ್ವೀಪದಲ್ಲಿ ಒಬ್ಬ ಬಿಳಿಯನೂ ಗಲ್ಲಿಗೇರಲಿಲ್ಲ. ಆದಿವಾಸಿ ಗಂಡಸರಲ್ಲಿ ಕೆಲವರನ್ನೋ, ಹಲಗೆ ಬರುವ ಮೊದಲೇ, 1825-26ರಲ್ಲೇ ಗಲ್ಲಿಗೇರಿಸಿ ಆಗಿತ್ತು. 1830ರ ಅಕ್ಟೋಬರ್‌ನಲ್ಲಿ ಅದೇ ಗವರ್ನರ್ ಎರಡು ಸಾವಿರಕ್ಕೂ ಹೆಚ್ಚು ಸೈನಿಕರು, ವಲಸಿಗರು ಮತ್ತು ಕೈದಿಗಳನ್ನು ಉದ್ದಕ್ಕೆ ಸಾಲುಗಟ್ಟಿಸಿ, ಮೂಲನಿವಾಸಿಗಳನ್ನು ಬೇಟೆಯ ಮೃಗಗಳಂತೆ ಒಂದು ಮೂಲೆಗೆ ಅಟ್ಟಲು ಹೊರಟ.

ಈ ದ್ವೀಪದ ಹೆಸರು ಎಚ್.ಜಿ. ವೆಲ್ಸ್‌ನ 'ದ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. 1897ರಲ್ಲಿ ಧಾರಾವಾಹಿಯಾಗಿ, 1898ರಲ್ಲಿ ಪುಸ್ತಕವಾಗಿ ಬಂದ ಈ ಕೃತಿ ಅನ್ಯಗ್ರಹ ಜೀವಿಗಳ ದಾಳಿಯ ಕತೆಗಳಿಗೆಲ್ಲ ತಾಯಿಬೇರು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಣ್ಣ ಫ್ರಾಂಕ್ ಜೊತೆ ನಡೆದುಹೋಗುವಾಗ ಟಾಸ್ಮೇನಿಯಾದ ಮಾತು ಬಂದು, ಆಕಾಶದಿಂದ ಯಾರಾದರೂ ಬಂದು ನಮಗೂ ಹಾಗೇ ಮಾಡಿದರೆ ಹೇಗೆ ಎಂದು ಅಣ್ಣ ಕೇಳಿದ್ದೇ ಕಾದಂಬರಿಯ ಬೀಜವಾಯಿತೆಂದು ವೆಲ್ಸ್ ಹೇಳಿಕೊಂಡಿದ್ದಾನೆ. ಪುಸ್ತಕವನ್ನು ಅರ್ಪಿಸಿದ್ದೂ ಆ ಅಣ್ಣನಿಗೇ. ದಾಳಿಗೆ ಬಂದ ಮಂಗಳ ಗ್ರಹದವರನ್ನು ಬೈಯುವ ಮೊದಲು ನಾವು ಟಾಸ್ಮೇನಿಯದವರಿಗೆ ಏನು ಮಾಡಿದೆವೆಂದು ನೆನೆಯಿರಿ ಎಂದು ನಿರೂಪಕ ಓದುಗರಿಗೆ ನೇರವಾಗಿ ಹೇಳುತ್ತಾನೆ. ಆ ಜನಾಂಗ ಪೂರ್ತಿ ಅಳಿದುಹೋಯಿತು ಎಂಬ ಅಂದಿನ ನಂಬಿಕೆಯನ್ನೇ ವೆಲ್ಸ್ ಕೂಡ ಬರೆದ. ಅದು ನಿಜವಲ್ಲ. ಅವರ ಸಂತತಿ ಇವತ್ತೂ ಅಲ್ಲಿದೆ, ಕಳೆದುಹೋದ ನುಡಿಯನ್ನು ಹಳೆಯ ದಾಖಲೆಗಳಿಂದ ಮತ್ತೆ ಕಟ್ಟಿಕೊಳ್ಳುತ್ತಿದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆಕ್ರಮಣದ ಕತೆಗಳನ್ನು ಓದಿದಷ್ಟೂ ಈ ಗಾದೆಯ ಎರಡನೆಯ ಅರ್ಧದ ಮೇಲೆ ನನಗೆ ಅನುಮಾನ ಹೆಚ್ಚಾಗಿದೆ. ಈ ಕತೆಗಳಲ್ಲಿ ಮಾತು ಮುರಿದುಬೀಳುವುದು ಭಾಷೆ ಗೊತ್ತಿಲ್ಲದ್ದರಿಂದ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಒಳ್ಳೆಯ ಲೇಖಕರು ತೋರಿಸುವುದೇ ಬೇರೆ. ಬಲ ಇರುವವನಿಗೆ ಎದುರಿನವನ ಮಾತು ಕೇಳಲೇಬೇಕಾದ ಅಗತ್ಯ ಇರುವುದಿಲ್ಲ. ಅಗತ್ಯವಿಲ್ಲದ ಕಡೆ ಎಷ್ಟು ಭಾಷೆ ಕಲಿತರೂ ಸಂವಾದ ಹುಟ್ಟುವುದಿಲ್ಲ.

ವೆಲ್ಸ್‌ನ ಕಾದಂಬರಿಯಲ್ಲಿ ಮಂಗಳದವರನ್ನು ಹೊತ್ತ ಮೊದಲ ಸಿಲಿಂಡರ್ ಬೀಳುವುದು ಲಂಡನ್ ಹತ್ತಿರದ ವೋಕಿಂಗ್ ಪಟ್ಟಣದ ಪಕ್ಕ, ಹಾರ್ಸೆಲ್ ಎಂಬಲ್ಲಿನ ಬಯಲಿನಲ್ಲಿ. ವೆಲ್ಸ್ ಆಗ ವೋಕಿಂಗ್‌ನಲ್ಲೇ ಇದ್ದ. ಸೈಕಲ್ ಮೇಲೆ ಸುತ್ತಾಡುತ್ತ, ಮಂಗಳದವರು ಯಾವ ಬೀದಿ, ಯಾವ ಮನೆ ಸುಡಬೇಕೆಂದು ಗುರುತು ಹಾಕಿಕೊಳ್ಳುತ್ತಿದ್ದ. ಸಿಲಿಂಡರ್ ಬಿದ್ದ ಗುಂಡಿಯತ್ತ ಒಂದು ನಿಯೋಗ ಹೊರಡುತ್ತದೆ. ಖಗೋಳ ವಿಜ್ಞಾನಿ ಓಗಿಲ್ವಿ, ರಾಜ ಖಗೋಳಜ್ಞ ಸ್ಟೆಂಟ್, ಪತ್ರಕರ್ತ ಹೆಂಡರ್‌ಸನ್. ಮುಂದಿರುವವನ ಕೈಯಲ್ಲಿ ಬಿಳಿ ಬಾವುಟ. ಒಳಗಿರುವವರು ನೋಡಲು ಅಸಹ್ಯವಾದರೂ ಬುದ್ಧಿಯುಳ್ಳವರು, ನಮಗೂ ಬುದ್ಧಿಯಿದೆ ಎಂದು ಸನ್ನೆಯಿಂದ ತಿಳಿಸೋಣ ಎಂಬುದು ಅವರ ತರ್ಕ. ಬಾವುಟ ಬಲಕ್ಕೆ ಆಡುತ್ತದೆ, ಎಡಕ್ಕೆ ಆಡುತ್ತದೆ. ಗುಂಡಿಯಿಂದ ಕಣ್ಣಿಗೆ ಕಾಣದ ಉಷ್ಣಕಿರಣ ಬಂದು ಅವರನ್ನೂ ಸುತ್ತ ನಿಂತವರನ್ನೂ ಸುಡುತ್ತದೆ. ನಲವತ್ತರ ಹತ್ತಿರ ಜನ.

ಮಂಗಳದವರಿಗೆ ಮನುಷ್ಯರ ಬುದ್ಧಿ ತಿಳಿಯಲಿಲ್ಲ ಎಂದು ವೆಲ್ಸ್ ಎಲ್ಲೂ ಬರೆಯುವುದಿಲ್ಲ. ತಿಳಿದಿದ್ದರೂ ಅದರಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಕ್ತ ಮತ್ತು ನೆಲ.

ಸುದ್ದಿಯ ಸಾವು

ಈ ಕಾದಂಬರಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಉಷ್ಣಕಿರಣವೂ ಅಲ್ಲ, ಮೂರು ಕಾಲಿನ ಯಂತ್ರಗಳೂ ಅಲ್ಲ. ಒಂದು ಟೆಲಿಗ್ರಾಂ. ಸಿಲಿಂಡರಿನ ಮುಚ್ಚಳ ತಿರುಗುತ್ತಿದೆ ಎಂದು ಹೆಂಡರ್‌ಸನ್ ಲಂಡನ್ನಿಗೆ ತಂತಿ ಕಳಿಸಿರುತ್ತಾನೆ. ಪತ್ರಿಕೆಯವರು ನಂಬುವುದಿಲ್ಲ. ಖಚಿತ ಮಾಡಿಕೊಳ್ಳಲು ಅವನಿಗೇ ಮರುತಂತಿ ಹೊಡೆಯುತ್ತಾರೆ. ಉತ್ತರ ಬರುವುದಿಲ್ಲ, ಏಕೆಂದರೆ ಅವನು ಅಷ್ಟರಲ್ಲಿ ಸುಟ್ಟು ಹೋಗಿದ್ದಾನೆ. ಉತ್ತರ ಇಲ್ಲವಾದ್ದರಿಂದ ವಿಶೇಷ ಸಂಚಿಕೆ ಬೇಡವೆಂದು ತೀರ್ಮಾನವಾಗುತ್ತದೆ. ಆ ರಾತ್ರಿ ಲಂಡನ್ ಎಂದಿನಂತೆ ಮಲಗುತ್ತದೆ. ಸುದ್ದಿ ನಿಜವೆಂಬುದಕ್ಕೆ ಅತಿ ದೊಡ್ಡ ಸಾಕ್ಷಿಯಾಗಿದ್ದ ಆ ಮೌನವೇ ಸುದ್ದಿ ಸುಳ್ಳೆಂಬುದಕ್ಕೆ ಕಾರಣವಾಯಿತು. ಪತ್ರಿಕಾ ಕಚೇರಿಯ ರಾತ್ರಿಪಾಳಿಯನ್ನು ಬಲ್ಲ ಯಾರಿಗಾದರೂ ಈ ಎರಡು ಮೂರು ಸಾಲು ಓದುವಾಗ ಎದೆ ಭಾರವಾಗುತ್ತದೆ.

ಮುಂದೆ ನಿರೂಪಕ ಒಬ್ಬ ಪಾದ್ರಿಯ ಜೊತೆ ಕುಸಿದ ಮನೆಯೊಂದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಹೊರಗೆ ಮಂಗಳದವರ ಗುಂಡಿ, ಒಳಗೆ ಇಬ್ಬರು ಇಂಗ್ಲಿಷರು. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಅಪಾಯ. ಪಿಸುಮಾತಿನಲ್ಲಿ ಜಗಳ, ಅನ್ನಕ್ಕಾಗಿ ಹೊಡೆದಾಟ. ಕೊನೆಗೆ ಪಾದ್ರಿ ದೇವರ ಶಿಕ್ಷೆಯ ಬಗ್ಗೆ ಗಟ್ಟಿಯಾಗಿ ಕೂಗತೊಡಗಿದಾಗ ನಿರೂಪಕನೇ ಅವನನ್ನು ಕತ್ತಿಯ ಹಿಡಿಯಿಂದ ಹೊಡೆದು ಬೀಳಿಸುತ್ತಾನೆ. ಮಂಗಳದ ಯಂತ್ರದ ತೋಳು ಒಳಗೆ ಬಂದು ಆ ದೇಹವನ್ನು ಎಳೆದುಕೊಂಡು ಹೋಗುತ್ತದೆ. ಅನ್ಯರ ಜೊತೆ ಮಾತು ಸಾಧ್ಯವೇ ಎಂದು ಕೇಳುವ ಮೊದಲು ಪಕ್ಕದಲ್ಲಿ ಕೂತವನ ಜೊತೆ ಸಾಧ್ಯವೇ ಎಂದು ವೆಲ್ಸ್ ಕೇಳಿದ್ದ. ಆಮೇಲಿನ ನೂರಾ ಇಪ್ಪತ್ತೈದು ವರ್ಷ ಈ ಪ್ರಕಾರದ ಕತೆಗಳು ಅದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ.

ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್ 1938ರ ಅಕ್ಟೋಬರ್ 30ರ ಭಾನುವಾರ ರಾತ್ರಿ ಇದೇ ಕತೆಯನ್ನು ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಸುದ್ದಿಪ್ರಸಾರದ ಧಾಟಿಯಲ್ಲಿ ಆಡಿಸಿದ್ದು ಎಲ್ಲರಿಗೂ ಗೊತ್ತು. ದೇಶವೇ ಬೀದಿಗೆ ಬಂದು ಓಡಿತು ಎಂಬ ಕತೆಯೂ ಗೊತ್ತು. ಈ ಎರಡನೆಯದು ಬಹುಪಾಲು ಪತ್ರಿಕೆಗಳು ಹುಟ್ಟಿಸಿದ್ದು. ಆ ರಾತ್ರಿಯ ಶ್ರೋತೃ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದೇವೆ ಎಂದವರು ನೂರಕ್ಕೆ ಇಬ್ಬರು. ಹೆಚ್ಚಿನವರು ಇನ್ನೊಂದು ಕೇಂದ್ರದ ಹಾಸ್ಯ ಕಾರ್ಯಕ್ರಮ ಹಾಕಿಕೊಂಡಿದ್ದರು. ಕೆಲವರು ಹೆದರಿದ್ದು ನಿಜ. ಯುರೋಪಿನ ಮೇಲೆ ಯುದ್ಧದ ಮೋಡ ಕವಿದಿದ್ದ ತಿಂಗಳದು, ಹೆದರಿದವರಲ್ಲಿ ಹಲವರು ಬಂದದ್ದು ಮಂಗಳದವರಲ್ಲ, ಜರ್ಮನ್ನರು ಎಂದೇ ತಿಳಿದಿದ್ದರು. ಆದರೆ ಜಾಹೀರಾತಿನ ದುಡ್ಡನ್ನು ರೇಡಿಯೊಗೆ ಕಳೆದುಕೊಳ್ಳುತ್ತಿದ್ದ ಪತ್ರಿಕೆಗಳಿಗೆ, ರೇಡಿಯೊವನ್ನು ನಂಬಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಮನುಷ್ಯ ಎಷ್ಟು ಬೇಗ ಮರುಳಾಗುತ್ತಾನೆ ಎನ್ನಲು ನಾವು ಇವತ್ತಿಗೂ ಕೊಡುವ ಈ ಉದಾಹರಣೆಗೇ ನಾವು ಮರುಳಾಗಿದ್ದೇವೆ.

ಈಕ್ವೆಡಾರ್‌ನ ಕಿಟೊ ನಗರದಲ್ಲಿ ಮಾತ್ರ ನಡೆಯಬಾರದ್ದು ನಡೆಯಿತು. 1949ರ ಫೆಬ್ರುವರಿ 12ರಂದು ಅಲ್ಲಿನ ರೇಡಿಯೊ ಇದೇ ನಾಟಕವನ್ನು ಸ್ಥಳೀಯ ಊರುಗಳ ಹೆಸರಿಟ್ಟು, ಅಧಿಕಾರಸ್ಥರ ದನಿಗಳನ್ನು ಅನುಕರಿಸಿ ಪ್ರಸಾರ ಮಾಡಿತು. ಜನ ನಂಬಿದರು. ಇದು ನಾಟಕ ಎಂದು ಘೋಷಿಸಿದ ಮೇಲೆ ಭಯ ಸಿಟ್ಟಾಯಿತು. ಎಲ್ ಕೊಮೆರ್ಸಿಯೊ ಪತ್ರಿಕೆಯೂ ರೇಡಿಯೊ ಕೇಂದ್ರವೂ ಇದ್ದ ಕಟ್ಟಡಕ್ಕೆ ಗುಂಪು ಬೆಂಕಿ ಹಚ್ಚಿತು. ಒಳಗಿದ್ದವರಲ್ಲಿ ಹಲವರು ಸತ್ತರು. ಮಂಗಳದವರು ಬಾರದೆಯೇ ಒಂದು ಕಟ್ಟಡ ಸುಟ್ಟಿತು.

ಅಮೆರಿಕದ ಶೀತಲ ಸಮರದ ಕಾಲದ ಕತೆಗಳು ಈ ಎಳೆಯನ್ನೇ ಹಿಡಿದು ಹೋದವು. 'ಟ್ವೈಲೈಟ್ ಜೋನ್' ಧಾರಾವಾಹಿಯಲ್ಲಿ 1960ರ ಮಾರ್ಚ್‌ನಲ್ಲಿ ಬಂದ ಮೇಪಲ್ ಬೀದಿಯ ಕಂತು ಅರ್ಧ ಗಂಟೆಯದು. ಬೀದಿಯ ಕರೆಂಟು ಹೋಗುತ್ತದೆ, ಒಬ್ಬನ ಕಾರು ಮಾತ್ರ ತಾನಾಗಿ ಶುರುವಾಗುತ್ತದೆ. ಬಾಹ್ಯಾಕಾಶದವರು ಮನುಷ್ಯರಂತೆ ಕಾಣುವ ಕುಟುಂಬವನ್ನು ಮೊದಲೇ ಕಳಿಸಿರುತ್ತಾರೆ ಎಂದು ಕತೆಪುಸ್ತಕ ಓದಿದ ಹುಡುಗನೊಬ್ಬ ಹೇಳುತ್ತಾನೆ. ಅಷ್ಟೇ ಸಾಕು. ನಿದ್ದೆ ಬಾರದೆ ರಾತ್ರಿ ಅಂಗಳದಲ್ಲಿ ನಿಂತು ನಕ್ಷತ್ರ ನೋಡುವವನು ಶಂಕಿತನಾಗುತ್ತಾನೆ, ಮನೆಯಲ್ಲಿ ಹವ್ಯಾಸಕ್ಕೆ ರೇಡಿಯೊ ಕಟ್ಟುವವನು ಶಂಕಿತನಾಗುತ್ತಾನೆ. ಕತ್ತಲಲ್ಲಿ ನಡೆದು ಬಂದ ನೆರೆಯವನಿಗೇ ಗುಂಡು ಬೀಳುತ್ತದೆ. ದೂರದ ಗುಡ್ಡದ ಮೇಲೆ ನಿಂತ ನಿಜವಾದ ಅನ್ಯಗ್ರಹದವರು ದೀಪ ಆರಿಸುವುದು, ಹಚ್ಚುವುದು ಬಿಟ್ಟು ಬೇರೇನೂ ಮಾಡಿರುವುದಿಲ್ಲ. ವಾಟ್ಸ್‌ಆ್ಯಪ್ ವದಂತಿ ನಂಬಿ ಮಕ್ಕಳ ಕಳ್ಳರೆಂದು ಅಪರಿಚಿತರನ್ನು ಹೊಡೆದು ಕೊಂದ ಸುದ್ದಿಗಳನ್ನು 2018ರಲ್ಲಿ ನಮ್ಮ ಬೀದರ್ ಜಿಲ್ಲೆಯಿಂದಲೇ ಓದಿದ ಕನ್ನಡಿಗರಿಗೆ ಆ ಬೀದಿ ಅಮೆರಿಕದ್ದು ಎಂದು ಅನ್ನಿಸಲಾರದು.

1951ರ 'ದ ಡೇ ದ ಅರ್ತ್ ಸ್ಟುಡ್ ಸ್ಟಿಲ್' ಚಿತ್ರದಲ್ಲಿ ಕ್ಲಾಟು ಎಂಬವನು ವಾಷಿಂಗ್ಟನ್ನಿನಲ್ಲಿ ಇಳಿದು, ಅಧ್ಯಕ್ಷರಿಗೆಂದು ತಂದ ಉಡುಗೊರೆಯನ್ನು ಹೊರತೆಗೆಯುತ್ತಾನೆ. ಅಂಜಿದ ಸೈನಿಕನೊಬ್ಬ ಗುಂಡು ಹಾರಿಸುತ್ತಾನೆ. ಗಾಯಗೊಂಡವನು ಎಲ್ಲ ದೇಶಗಳ ನಾಯಕರ ಜೊತೆ ಒಟ್ಟಿಗೆ ಮಾತಾಡಬೇಕು ಎಂದರೆ, ಸಭೆ ಎಲ್ಲಿ ಸೇರಬೇಕು ಎಂಬುದೇ ಇತ್ಯರ್ಥವಾಗುವುದಿಲ್ಲ. ಕ್ಲಾಟುವಿಗೆ ಚೆನ್ನಾಗಿ ಇಂಗ್ಲಿಷ್ ಬರುತ್ತದೆ ಎಂಬುದನ್ನು ಗಮನಿಸಬೇಕು.

ಭಾಷೆ ಬಂದ ಮೇಲೆ

ಭಾಷೆ ಬಂದ ಮೇಲೂ ಏನಾಗುತ್ತದೆ ಎಂಬುದಕ್ಕೆ ಕತೆಗಿಂತ ಚರಿತ್ರೆ ಕಠಿಣವಾದ ಸಾಕ್ಷಿ. 1513ರಲ್ಲಿ ಸ್ಪೇನಿನ ಆಸ್ಥಾನ 'ರೆಕೆರಿಮಿಯೆಂತೊ' ಎಂಬ ಘೋಷಣಾಪತ್ರವೊಂದನ್ನು ಸಿದ್ಧಪಡಿಸಿತು. ಅಮೆರಿಕ ಖಂಡದ ಯಾವುದೇ ಜನರ ಮೇಲೆ ದಾಳಿ ಮಾಡುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು. ಜಗತ್ತನ್ನು ದೇವರು ಸೃಷ್ಟಿಸಿದ, ಪೋಪ್ ಈ ನೆಲವನ್ನು ನಮ್ಮ ರಾಜರಿಗೆ ಕೊಟ್ಟಿದ್ದಾರೆ, ಒಪ್ಪಿ ಶರಣಾಗಿ, ಇಲ್ಲವಾದರೆ ಆಗುವ ಸಾವು ನೋವುಗಳ ಹೊಣೆ ನಿಮ್ಮದೇ ಎಂಬುದು ಅದರ ಸಾರ. ಓದುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ಜನ ಓಡಿಹೋದ ಖಾಲಿ ಹಳ್ಳಿಗಳ ಮುಂದೆ ಓದಿದ್ದುಂಟು, ದಡ ಮುಟ್ಟುವ ಮೊದಲೇ ಹಡಗಿನ ಮೇಲಿಂದ ಓದಿದ್ದುಂಟು. ಓದಿದ್ದಕ್ಕೆ ನೋಟರಿಯ ಸಾಕ್ಷಿ ಇರಬೇಕಿತ್ತು. ಕೇಳಿದ್ದಕ್ಕೆ ಸಾಕ್ಷಿ ಬೇಕಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದು ಎಂದು ಇದನ್ನು ಖಂಡಿಸಿದವರು ಸ್ಪೇನಿನವರೇ ಆದ ಪಾದ್ರಿ ಬಾರ್ತೊಲೊಮೆ ದ ಲಾಸ್ ಕಾಸಾಸ್.

1532ರ ನವೆಂಬರ್ 16ರಂದು ಪೆರುವಿನ ಕಾಹಾಮಾರ್ಕಾ ಊರಿನ ಚೌಕದಲ್ಲಿ ಇಂಕಾ ದೊರೆ ಅತಾಹುವಾಲ್ಪನ ಎದುರು ಪಾದ್ರಿ ವಾಲ್ವೆರ್ದೆ ನಿಂತಾಗ ದುಭಾಷಿ ಇದ್ದ. ಮಾತು ದಾಟಿತು, ಎಷ್ಟು ಅರ್ಥವಾಯಿತೋ. ಪಾದ್ರಿ ಪುಸ್ತಕ ಕೊಟ್ಟ, ದೊರೆ ಅದನ್ನು ನೋಡಿ ನೆಲಕ್ಕೆ ಎಸೆದ, ಅಡಗಿದ್ದ 168 ಸ್ಪೇನಿಗರು ಮುಗಿಬಿದ್ದರು. ಸಂಜೆಯೊಳಗೆ ಸಾವಿರಾರು ಜನ ಸತ್ತರು. ಪುಸ್ತಕ ನೆಲಕ್ಕೆ ಬೀಳದಿದ್ದರೂ ತೋಪುಗಳು ಆಗಲೇ ಚೌಕದತ್ತ ಬಾಯಿ ತೆರೆದು ನಿಂತಿದ್ದವು.

ನೀಲ್ ಬ್ಲೊಮ್‌ಕಾಂಪ್‌ರ 2009ರ 'ಡಿಸ್ಟ್ರಿಕ್ಟ್ 9' ಚಿತ್ರ ಸ್ಪೇನಿನ ಆ ಘೋಷಣಾಪತ್ರವನ್ನೇ ನೆನಪಿಸುತ್ತದೆ. ಜೊಹಾನ್ಸ್‌ಬರ್ಗ್‌ನ ಮೇಲೆ ಕೆಟ್ಟು ನಿಂತ ಹಡಗಿನಿಂದ ಇಳಿಸಿಕೊಂಡ ಅನ್ಯಗ್ರಹದವರನ್ನು ಕೊಳೆಗೇರಿಯಲ್ಲಿ ಕೂಡಿಹಾಕಿದ್ದಾರೆ. ಈಗ ಅಲ್ಲಿಂದಲೂ ಎಬ್ಬಿಸಬೇಕು. ಅಧಿಕಾರಿ ವಿಕಸ್ ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಒಕ್ಕಲೆಬ್ಬಿಸುವ ನೋಟಿಸಿಗೆ ಸಹಿ ಹಾಕಿಸುತ್ತಾನೆ. ಅವರು ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ, ಇವನು ಇಂಗ್ಲಿಷ್‌ನಲ್ಲಿ. ಇಬ್ಬರಿಗೂ ಇನ್ನೊಬ್ಬರದು ಪೂರ್ತಿ ಅರ್ಥವಾಗುತ್ತದೆ. ಭಾಷೆಯ ತೊಡಕು ಮೊದಲ ದೃಶ್ಯಕ್ಕೇ ಬಗೆಹರಿದಿದೆ, ಆದರೂ ಯಾರೂ ಯಾರ ಮಾತನ್ನೂ ಕೇಳುತ್ತಿಲ್ಲ. ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ಅರುವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಿತ್ತು ಹಾಕಿದ ನೆನಪು ಚಿತ್ರದ ಹೆಸರಿನಲ್ಲೇ ಇದೆ.

ಚೀನಾದ ಲಿಯು ಸಿಷಿನ್ ಇನ್ನೂ ಆಳಕ್ಕೆ ಇಳಿದವರು. 'ದ ತ್ರೀ-ಬಾಡಿ ಪ್ರಾಬ್ಲಮ್' 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 2014ರಲ್ಲಿ ಕೆನ್ ಲಿಯು ಅನುವಾದದಲ್ಲಿ ಇಂಗ್ಲಿಷಿಗೆ ಹೋಗಿ 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಇಂಗ್ಲಿಷ್ ಆವೃತ್ತಿ ಶುರುವಾಗುವುದು 1967ರ ಸಾಂಸ್ಕೃತಿಕ ಕ್ರಾಂತಿಯಿಂದ. ಭೌತಶಾಸ್ತ್ರದ ಪ್ರಾಧ್ಯಾಪಕನನ್ನು ವೇದಿಕೆಯ ಮೇಲೆ ನಿಲ್ಲಿಸಿ ಹದಿಹರೆಯದ ಹುಡುಗಿಯರು ಬೆಲ್ಟಿನಿಂದ ಹೊಡೆದು ಕೊಲ್ಲುತ್ತಾರೆ. ಮಗಳು ಯೆ ವೆಂಜಿಯೆ ಗುಂಪಿನಲ್ಲಿ ನಿಂತು ನೋಡುತ್ತಾಳೆ. ಆಮೇಲೆ ಅವಳು ನಂಬಿದವನೊಬ್ಬ ಅವಳಿಂದ ಪತ್ರ ನಕಲು ಮಾಡಿಸಿ, ಆಪತ್ತು ಬಂದಾಗ ಅದನ್ನು ಬರೆದವಳು ಅವಳೇ ಎಂದು ಕೈಬಿಡುತ್ತಾನೆ. ವರ್ಷಗಳ ನಂತರ ಆಕಾಶದಾಚೆಯ ಇನ್ನೊಂದು ಲೋಕದಿಂದ ಒಂದು ಸಂಕೇತ ಬರುತ್ತದೆ. ಕಳಿಸಿದವನು ಆ ಲೋಕದ ಒಬ್ಬ ಶಾಂತಿಪ್ರಿಯ. ಉತ್ತರ ಕೊಡಬೇಡಿ, ಕೊಟ್ಟರೆ ನಿಮ್ಮ ನೆಲೆ ನಮ್ಮವರಿಗೆ ಗೊತ್ತಾಗುತ್ತದೆ, ಬಂದು ಆಕ್ರಮಿಸುತ್ತಾರೆ ಎಂದು ಎಚ್ಚರಿಸುತ್ತಾನೆ. ಅವಳು ಉತ್ತರ ಕೊಡುತ್ತಾಳೆ, ಬನ್ನಿ ಎನ್ನುತ್ತಾಳೆ. ಆಕ್ರಮಣದ ಸಾಹಿತ್ಯದಲ್ಲಿ ಇದಕ್ಕಿಂತ ನೋವಿನ ಗಳಿಗೆ ನನಗೆ ಗೊತ್ತಿಲ್ಲ. ಎರಡು ಲೋಕಗಳ ಇಬ್ಬರು ಒಂಟಿಗಳು ಪರಸ್ಪರ ಪೂರ್ತಿ ಅರ್ಥ ಮಾಡಿಕೊಂಡಿದ್ದಾರೆ. ಅವನು ತನ್ನವರಿಗೆ ದ್ರೋಹ ಮಾಡಿ ನಮ್ಮನ್ನು ಉಳಿಸಲು ನೋಡುತ್ತಾನೆ, ಅವಳು ತನ್ನವರ ಮೇಲೆ ನಂಬಿಕೆ ಕಳೆದುಕೊಂಡು ನಮ್ಮನ್ನು ಒಪ್ಪಿಸುತ್ತಾಳೆ.

ಎರಡನೆಯ ಸಂಪುಟದಲ್ಲಿ ಬರುವ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಆ ಲೋಕದವರಿಗೆ ಯೋಚಿಸುವುದು ಬೇರೆ, ಹೇಳುವುದು ಬೇರೆ ಅಲ್ಲ. ಮನಸ್ಸಿನಲ್ಲಿ ಬಂದದ್ದು ಹೊರಗೆ ಕಾಣುತ್ತದೆ. ಅವರ ಪರವಾಗಿರುವ ಮನುಷ್ಯನೊಬ್ಬ ಅವರಿಗೆ ಮಕ್ಕಳಿಗೆ ಹೇಳುವ ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕತೆ ಹೇಳುತ್ತಾನೆ. ತಿನ್ನಬೇಕೆಂದು ಬಂದ ತೋಳ ಅಜ್ಜಿಯ ಜೊತೆ ಮಾತಾಡಿದ ಮೇಲೂ ಅಜ್ಜಿ ಬಾಗಿಲು ಏಕೆ ತೆರೆದಳು ಎಂದು ಅವರಿಗೆ ತಿಳಿಯುವುದಿಲ್ಲ. ವಿವರಿಸುತ್ತ ಹೋದಂತೆ, ಮನುಷ್ಯರು ಒಳಗೊಂದು ಇಟ್ಟುಕೊಂಡು ಹೊರಗೊಂದು ಆಡಬಲ್ಲರು ಎಂಬುದು ಅವರಿಗೆ ಹೊಳೆಯುತ್ತದೆ. ಅಷ್ಟು ದೊಡ್ಡ ನಾಗರಿಕತೆ ಅಲ್ಲಿಂದ ಮನುಷ್ಯರಿಗೆ ಹೆದರಲು ಶುರುಮಾಡುತ್ತದೆ, ಆ ಮಿತ್ರನ ಜೊತೆಗೂ ಮಾತು ನಿಲ್ಲಿಸುತ್ತದೆ. ಮುಂದೆ ಭೂಮಿ ತನ್ನ ರಕ್ಷಣೆಗೆ ಆರಿಸಿಕೊಳ್ಳುವುದೂ ಅದನ್ನೇ. ಯೋಜನೆಯನ್ನು ಯಾರಿಗೂ ಹೇಳದೆ ತಲೆಯೊಳಗೇ ಇಟ್ಟುಕೊಳ್ಳುವ ನಾಲ್ವರನ್ನು ನೇಮಿಸುತ್ತದೆ. ಸುಳ್ಳು ಹೇಳುವ ಶಕ್ತಿಯೇ ಮನುಷ್ಯಕುಲದ ಕೊನೆಯ ಕೋಟೆ ಎಂದು ಬರೆದ ಲೇಖಕ, ಸುಳ್ಳು ಆರೋಪಗಳಿಂದ ಜನ ಸತ್ತ ಕಾಲದಿಂದಲೇ ಕತೆ ಆರಂಭಿಸಿದ್ದ ಎಂಬುದನ್ನು ಕೂಡಿಸಿ ನೋಡಿದರೆ ಮೈ ನಡುಗುತ್ತದೆ.

ಇದಕ್ಕೆ ಉತ್ತರದಂತೆ ನಿಲ್ಲುವುದು ಟೆಡ್ ಚಿಯಾಂಗ್‌ರ 1998ರ 'ಸ್ಟೋರಿ ಆಫ್ ಯುವರ್ ಲೈಫ್' ಮತ್ತು ಅದನ್ನು ಆಧರಿಸಿ ದೆನಿ ವಿಲ್ನೂವ್ 2016ರಲ್ಲಿ ಮಾಡಿದ 'ಅರೈವಲ್'. ಇಲ್ಲಿ ನಾಯಕಿ ಭಾಷಾವಿಜ್ಞಾನಿ. ಚಿತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ವೃತ್ತಾಕಾರದ ಮಸಿಯ ಲಿಪಿಗಿಂತ ಎರಡು ಚಿಕ್ಕ ವಿವರಗಳು. ಚೀನಾದವರು ಬಂದವರಿಗೆ ಮಾಜಾಂಗ್ ಆಟದ ಮೂಲಕ ಭಾಷೆ ಕಲಿಸುತ್ತಿದ್ದಾರೆ ಎಂದು ಗೊತ್ತಾದಾಗ ನಾಯಕಿ ದಿಗಿಲುಗೊಳ್ಳುತ್ತಾಳೆ. ಆಟದಲ್ಲಿ ಕಲಿತ ಭಾಷೆಯಲ್ಲಿ ಎಲ್ಲವೂ ಎದುರಾಳಿ, ಗೆಲುವು, ಸೋಲು. ಎರಡನೆಯದು, ಹನ್ನೆರಡು ಕಡೆ ಇಳಿದ ಹನ್ನೆರಡು ನೌಕೆಗಳ ಮುಂದೆ ನಿಂತ ದೇಶಗಳು ತಮ್ಮ ತಮ್ಮೊಳಗಿನ ವಿಡಿಯೊ ಸಂಪರ್ಕವನ್ನು ಒಂದೊಂದಾಗಿ ಕಡಿದುಕೊಳ್ಳುವ ದೃಶ್ಯ. ಪರದೆಗಳು ಕಪ್ಪಾಗುತ್ತ ಹೋಗುತ್ತವೆ. ಅನ್ಯರ ಜೊತೆ ಮಾತು ಬೆಳೆಯುತ್ತಿರುವಾಗಲೇ ಮನುಷ್ಯರ ನಡುವಿನ ಮಾತು ಸಾಯುತ್ತಿದೆ. ಮೂಲ ಕತೆಯಲ್ಲಿ ಈ ಯುದ್ಧದ ಬೆದರಿಕೆಯೇ ಇಲ್ಲ. ಬಂದವರು ಏಕೆ ಬಂದರೆಂದು ತಿಳಿಯುವ ಮೊದಲೇ ಹೊರಟುಹೋಗುತ್ತಾರೆ. ನನಗೆ ಕತೆಯೇ ಹೆಚ್ಚು ಇಷ್ಟ, ಆದರೆ ಆ ಕಪ್ಪು ಪರದೆಗಳನ್ನು ಸೇರಿಸಿದ್ದು ಚಿತ್ರದ ದೊಡ್ಡ ಗಳಿಕೆ.

ನಮ್ಮ ಶುಭಾಶಯ

ಅನ್ಯಗ್ರಹದವರಿಗೆ ಕನ್ನಡದಲ್ಲಿ ಒಂದು ಮಾತು ಆಗಲೇ ಹೋಗಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿತಟ್ಟೆಗಳಿವೆ. ಕಾರ್ಲ್ ಸಾಗನ್ ಮುಂದಾಳತ್ವದ ತಂಡ ಅವುಗಳಲ್ಲಿ 55 ಭಾಷೆಗಳ ಶುಭಾಶಯ ಸೇರಿಸಿತು. ಅದರಲ್ಲಿ ಕನ್ನಡವೂ ಒಂದು. ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಶುಭಾಶಯ ಕೋರುತ್ತದೆ ಆ ದನಿ. ಮಾತಾಡುವವರಿಗೆ ಇಂಥದ್ದೇ ಹೇಳಿ ಎಂಬ ನಿರ್ದೇಶನ ಇರಲಿಲ್ಲ, ಚಿಕ್ಕದಾಗಿರಲಿ ಎಂದಷ್ಟೇ ಇತ್ತು. ದಕ್ಷಿಣ ಚೀನಾದ ಅಮಾಯ್ ನುಡಿಯಾಡುವವರು ಊಟವಾಯಿತೇ, ಬಿಡುವಾದಾಗ ಬನ್ನಿ ಎಂದಿದ್ದಾರೆ. ಗುಜರಾತಿಯಲ್ಲಿ ದಯವಿಟ್ಟು ಸಂಪರ್ಕಿಸಿ ಎಂಬ ಕೋರಿಕೆಯಿದೆ. ವಾಯೇಜರ್ 1 ಈಗ ನಮ್ಮಿಂದ 2,400 ಕೋಟಿ ಕಿಲೋಮೀಟರಿಗೂ ದೂರದಲ್ಲಿದೆ. ಕನ್ನಡ ಮುಟ್ಟಿದ ಅತಿ ದೂರದ ಜಾಗ ಅದು ಎಂದು ನೆನೆದಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಅದೇ ತಟ್ಟೆಯಲ್ಲಿ ಇನ್ನೊಂದು ದನಿಯಿದೆ. ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ಭೂಮಿಯ ಜನರ ಪರವಾಗಿ ಶಾಂತಿ, ಸ್ನೇಹದ ಮಾತಾಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅವರು ಬಾಲ್ಕನ್ ಪ್ರದೇಶದಲ್ಲಿ ಜರ್ಮನ್ ಸೇನೆಯ ಅಧಿಕಾರಿಯಾಗಿದ್ದುದನ್ನು ಮುಚ್ಚಿಟ್ಟಿದ್ದರೆಂಬುದು 1986ರಲ್ಲಿ ಬಯಲಾಯಿತು. ತಟ್ಟೆಗೆ ಚಿತ್ರಗಳನ್ನು ಆರಿಸುವಾಗ ಯುದ್ಧ, ಬಡತನ, ರೋಗದ ಚಿತ್ರಗಳು ಬೇಡವೆಂದು ತಂಡ ತೀರ್ಮಾನಿಸಿತ್ತು. ಬೆದರಿಕೆ ಎಂದು ತಿಳಿದಾರು ಎಂಬ ಅಂಜಿಕೆ, ನಮ್ಮ ಒಳ್ಳೆಯ ಮುಖ ಕಾಣಲಿ ಎಂಬ ಆಸೆ. ಎರಡನ್ನೂ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೂ ಲಿಯು ಸಿಷಿನ್‌ರ ಲೋಕದವರ ಕೈಗೆ ಆ ತಟ್ಟೆ ಸಿಕ್ಕರೆ, ಒಳಗೊಂದು ಹೊರಗೊಂದು ಎಂಬುದಕ್ಕೆ ಅವರು ಆ ದನಿಯನ್ನೇ ತೋರಿಸಿಯಾರು.

ಮಾತು ಕಳಿಸಬೇಕೇ ಬೇಡವೇ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ 1,679 ಬಿಟ್‌ಗಳ ಸಂದೇಶ ಹೊರಟಾಗ ಬ್ರಿಟನ್ನಿನ ರಾಜ ಖಗೋಳಜ್ಞ ಮಾರ್ಟಿನ್ ರೈಲ್ ಪ್ರತಿಭಟಿಸಿದರು. ಅದು ಹೊರಟ ದಿನ ನವೆಂಬರ್ 16, ಕಾಹಾಮಾರ್ಕಾದ ದಿನವೇ. 2010ರಲ್ಲಿ ಸ್ಟೀಫನ್ ಹಾಕಿಂಗ್ ಕೊಲಂಬಸ್‌ನ ಉದಾಹರಣೆ ಕೊಟ್ಟು ಎಚ್ಚರಿಸಿದರು. ಸಂಕೇತ ಸಿಕ್ಕರೆ ಅಂತರರಾಷ್ಟ್ರೀಯ ಸಮಾಲೋಚನೆ ಇಲ್ಲದೆ ಯಾರೂ ಉತ್ತರಿಸಬಾರದು ಎಂಬ ಒಪ್ಪಂದವೊಂದು 1989ರಿಂದ ಇದೆ. ಯಾವ ದೇಶವನ್ನೂ ಅದು ಕಾನೂನಿನಿಂದ ಕಟ್ಟಿಹಾಕುವುದಿಲ್ಲ.

ದೋಣಿಯಲ್ಲಿ ಬಂದವರು

ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ತಮ್ಮ ಕೊನೆಯ ಕಾದಂಬರಿ 'ಫಿಯಾಸ್ಕೊ'ದಲ್ಲಿ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಇಲ್ಲಿ ನೌಕೆಯಲ್ಲಿ ಹೋಗುವವರು ಮನುಷ್ಯರು. ಕ್ವಿಂಟಾ ಎಂಬ ಗ್ರಹದವರ ಜೊತೆ ಮಾತಾಡಲು ಹೋಗುತ್ತಾರೆ. ಆ ಗ್ರಹ ಉತ್ತರಿಸುವುದಿಲ್ಲ. ಸದ್ದಿಲ್ಲದಿರುವುದೂ ಒಂದು ಉತ್ತರವಿರಬಹುದು ಎಂದು ಯಾರೂ ಒಪ್ಪುವುದಿಲ್ಲ. ಇಷ್ಟು ದೂರ ಬಂದವರು ಬರಿಗೈಲಿ ಹಿಂದಿರುಗುವುದೇ? ಬಲ ತೋರಿಸಲು ಅವರ ಚಂದ್ರನನ್ನೇ ಒಡೆಯುತ್ತಾರೆ. ಆಮೇಲೆ ಅವರ ಮೋಡಗಳ ಮೇಲೆ ಬೆಳಕಿನ ಚಿತ್ರಕತೆ ಆಡಿಸುತ್ತಾರೆ. ಆರ್ಥರ್‌ನ ಹಲಗೆಗಳು ನೆನಪಾಗದೆ ಇರುವುದಿಲ್ಲ. ಕೊನೆಗೆ ಒಬ್ಬ ಮನುಷ್ಯನನ್ನು ಗ್ರಹದ ಮೇಲೆ ಇಳಿಸುತ್ತಾರೆ. ಹೊತ್ತು ಹೊತ್ತಿಗೆ ಅವನಿಂದ ಸಂಕೇತ ಬರಬೇಕು, ಬಾರದಿದ್ದರೆ ನೌಕೆ ಗ್ರಹವನ್ನು ಸುಡುತ್ತದೆ. ಅವನು ಹುಡುಕುವ ಭರದಲ್ಲಿ ಸಂಕೇತ ಕಳಿಸಲು ಮರೆಯುತ್ತಾನೆ. ಕ್ವಿಂಟಾದವರು ಯಾರೆಂದು ಕಂಡುಕೊಂಡ ಕ್ಷಣದಲ್ಲೇ ಅವನದೇ ನೌಕೆಯ ಬೆಂಕಿ ಆಕಾಶದಿಂದ ಇಳಿಯುತ್ತದೆ. ಲೆಮ್ ಹುಟ್ಟಿದ್ದು 1921ರಲ್ಲಿ ಲ್ವೂಫ್ ನಗರದ ಯೆಹೂದಿ ಕುಟುಂಬದಲ್ಲಿ, ನಾಜಿ ಆಕ್ರಮಣವನ್ನು ಸುಳ್ಳು ಗುರುತುಪತ್ರ ಹಿಡಿದು ದಾಟಿದವರು. ಬಂದವರ ಸದ್ಭಾವನೆಯ ಬಗ್ಗೆ ಅವರಿಗಿದ್ದ ಸಂಶಯ ಪುಸ್ತಕ ಓದಿ ಬಂದದ್ದಲ್ಲ.

ಭಾರತದವರಾದ ನಾವು ಈ ಕತೆಗಳನ್ನು ಓದುವಾಗ ಸಹಜವಾಗಿ ವೋಕಿಂಗ್‌ನ ಜನರ ಜೊತೆ, ಅತಾಹುವಾಲ್ಪನ ಜೊತೆ ನಿಲ್ಲುತ್ತೇವೆ. ಹಡಗಿನಲ್ಲಿ ಬಂದವರು ನಮ್ಮನ್ನು ಆಳಿದ್ದರಲ್ಲ. ಆದರೆ ನಮ್ಮದೇ ಅಂಡಮಾನಿನಲ್ಲಿ ದೋಣಿಯಲ್ಲಿ ಹೋದವರು ನಾವು. ವೆಲ್ಸ್‌ನ ಕಾದಂಬರಿಯಲ್ಲಿ ಕೊನೆಗೆ ಮನುಷ್ಯರನ್ನು ಕಾಯುವುದು ರೋಗಾಣುಗಳು, ಬಂದವರು ಅವುಗಳಿಂದ ಸಾಯುತ್ತಾರೆ. ಚರಿತ್ರೆಯಲ್ಲಿ ರೋಗಾಣು ಬಹುತೇಕ ಬಂದವರ ಪಕ್ಷವನ್ನೇ ವಹಿಸಿದೆ. 1877ರ ದಡಾರ ಗ್ರೇಟ್ ಅಂಡಮಾನೀಯರ ಊರೂರನ್ನೇ ಬರಿದು ಮಾಡಿತು. ಅವರ ನುಡಿಗಳಲ್ಲೊಂದಾದ ಬೋ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಆ ಭಾಷೆಯಲ್ಲಿ ಅವರಿಗೆ ಉತ್ತರ ಕೊಡುವವರು ವರ್ಷಗಳಿಂದ ಯಾರೂ ಇರಲಿಲ್ಲ. ಅವರ ಮಾತುಗಳನ್ನು ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ದಾಖಲಿಸಿಟ್ಟಿದ್ದಾರೆ.

ಅದೇ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದಲ್ಲಿ 1880ರಲ್ಲಿ ಬ್ರಿಟಿಷ್ ಅಧಿಕಾರಿ ಎಂ.ವಿ. ಪೋರ್ಟ್‌ಮನ್ ವಯಸ್ಸಾದ ದಂಪತಿಯನ್ನೂ ನಾಲ್ಕು ಮಕ್ಕಳನ್ನೂ ಹಿಡಿದು ಪೋರ್ಟ್‌ಬ್ಲೇರ್‌ಗೆ ತಂದ. ಸ್ನೇಹ ಬೆಳೆಸುವುದು ಅವನ ಉದ್ದೇಶ. ದಂಪತಿ ಕಾಯಿಲೆಯಿಂದ ಸತ್ತರು, ಮಕ್ಕಳನ್ನು ಉಡುಗೊರೆ ಕೊಟ್ಟು ವಾಪಸ್ ಬಿಟ್ಟ. ಇದರಿಂದ ಅವರ ಭಯವನ್ನೂ ಹಗೆಯನ್ನೂ ಹೆಚ್ಚಿಸಿದ್ದು ಬಿಟ್ಟು ಬೇರೇನೂ ಆಗಲಿಲ್ಲ ಎಂದು ಅವನೇ ಬರೆದುಕೊಂಡ. ನೂರು ವರ್ಷ ದಾಟಿದ ಮೇಲೆ, 1991ರ ಜನವರಿ 4ರಂದು, ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯ ಇದ್ದ ಭಾರತೀಯ ತಂಡ ದೋಣಿಯಿಂದ ತೆಂಗಿನಕಾಯಿಗಳನ್ನು ತೇಲಿಬಿಟ್ಟಾಗ ಸೆಂಟಿನೆಲ್ ಜನ ನೀರಿಗಿಳಿದು ಬಂದರು. ಕೈಯಿಂದ ಕೈಗೆ ಕಾಯಿ ದಾಟಿತು. ಅದೇ ವರ್ಷ ಇನ್ನೊಮ್ಮೆ ಹೋದಾಗ ಮಾನವಶಾಸ್ತ್ರಜ್ಞ ಟಿ.ಎನ್. ಪಂಡಿತ್ ಕೂಡ ಇದ್ದರು. ಕತೆಗಾರರಾಗಿದ್ದರೆ ಇಲ್ಲಿಂದ ಮುಂದೆ ಭಾಷೆ ಕಲಿಯುವ ಅಧ್ಯಾಯ ಬರೆಯುತ್ತಿದ್ದರು. ಭಾರತ ಸರ್ಕಾರ ಆ ದಶಕದಲ್ಲೇ ಇಂಥ ಭೇಟಿಗಳನ್ನು ನಿಲ್ಲಿಸಿತು. ಹತ್ತಿರ ಹೋದರೆ ರೋಗ ಹೋಗುತ್ತದೆ, ಅವರು ನಮ್ಮನ್ನು ಕರೆದಿಲ್ಲ ಎಂಬುದು ಕೊನೆಗೂ ಅರ್ಥವಾಗಿತ್ತು. ದೂರದಿಂದ ಕಾಯುವುದು, ಕೈ ಹಾಕದಿರುವುದು ಇಂದಿನ ನೀತಿ.

ಕತೆಗಳಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಹುಡುಕುತ್ತಲೇ ಇದ್ದೇನೆ. ಬಂದವರು ಬಲದಲ್ಲಿ ಹೆಚ್ಚಿನವರಾಗಿದ್ದೂ, ದಡದಲ್ಲಿ ನಿಂತವರ ಬಿಲ್ಲನ್ನು ಒಂದು ಮಾತೆಂದು ಓದಿಕೊಂಡು ಹಿಂದೆ ಸರಿದ ಆಕ್ರಮಣದ ಕಾದಂಬರಿ ನನ್ನ ಕೈಗೆ ಸಿಕ್ಕಿಲ್ಲ. 2018ರ ನವೆಂಬರ್‌ನಲ್ಲಿ ನಿಯಮ ಮೀರಿ ಆ ದ್ವೀಪಕ್ಕೆ ಹೋದ ಅಮೆರಿಕನ್ ಧರ್ಮಪ್ರಚಾರಕನೊಬ್ಬ ಸತ್ತ. ಶವ ತರಲು ಹೋದ ಪೊಲೀಸ್ ದೋಣಿಗೆ ದಡದಲ್ಲಿ ಬಿಲ್ಲು ಬಾಣ ಹಿಡಿದು ನಿಂತವರು ಕಂಡರು. ದೋಣಿಯಲ್ಲಿ ಬಂದೂಕುಗಳಿದ್ದವು. ಪೊಲೀಸರು ದೋಣಿ ತಿರುಗಿಸಿದರು, ಶವ ಅಲ್ಲೇ ಉಳಿಯಿತು.